ಮಸ್ಕಿರಿಯೊಳಗಿನ ಮನುಷ್ಯ

ಕನ್ನಡದಲ್ಲಿ ನಗುವವರಿಗೆ ಪದಗಳ ಬರವಿಲ್ಲ. ಮುಗುಳ್ನಗೆ, ಕಿರುನಗೆ, ಹುಸಿನಗೆ, ಕುಹಕನಗೆ ಎಂದು ನಗೆಯ ಅಳತೆಗೂ ಒಳಮನಸ್ಸಿಗೂ ತಕ್ಕಂತೆ ಹೆಸರುಗಳಿವೆ. ಕಿಲಕಿಲ, ಗಹಗಹ, ಪಕಪಕ, ಗೊಳ್ ಎಂದು ಅದರ ಸದ್ದಿಗೂ ಪದಗಳಿವೆ. ಬಾದಾಮಿ ತಾಲೂಕಿನ ನಮ್ಮೂರು ಚೊಳಚಗುಡ್ಡದಲ್ಲಿ ಇವೆಲ್ಲದರ ನಡುವೆ ಇನ್ನೊಂದು ಮಾತು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಅದು ಮಸ್ಕಿರಿ. ಕೆಲವರ ಬಾಯಲ್ಲಿ ಮಷ್ಕಿರಿ, ಮರಾಠಿ ಬಲ್ಲ ಹಿರಿಯರ ಬಾಯಲ್ಲಿ ಮಸ್ಕರಿ.

ಈ ಪದವನ್ನು ನಮ್ಮ ಕಡೆಯವರು ಬಳಸುವ ಮೂರು ಬಗೆಗಳನ್ನು ಮೊದಲು ನೋಡೋಣ. "ಏ, ಮಸ್ಕಿರಿ ಮಾಡಬ್ಯಾಡೋ" ಎಂದರೆ ನಿಲ್ಲಿಸು ಎಂಬ ತಡೆ. "ಖರೇ ಹೇಳಾಕತ್ತೀಯೋ, ಮಸ್ಕಿರಿ ಮಾಡಾಕತ್ತೀಯೋ?" ಎಂದರೆ ನಂಬಬೇಕೋ ಬೇಡವೋ ಎಂಬ ಅನುಮಾನ. ಮೂರನೆಯದು "ಮಸ್ಕಿರಿಗಿ ಅಂದ್ನಿ, ಸಿಟ್ಟಾಗಬ್ಯಾಡ ತಗೊ." ಇದು ಸಮಜಾಯಿಷಿ. ಆಡಬಾರದ ಮಾತು ಆಡಿಯಾಗಿದೆ, ಎದುರಿಗಿದ್ದವರ ಮುಖ ಸಣ್ಣದಾಗಿದೆ, ಆಗ ಈ ಪದ ಬಂದು ಆಡಿದವರನ್ನು ಬಚಾವು ಮಾಡುತ್ತದೆ. ಉತ್ತರ ಕರ್ನಾಟಕದ ಆಡುಮಾತಿನ ಎರವಲು ಪದಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪದ ಹಿಡಿಸಿದ್ದು ಈ ಮೂರನೇ ಬಳಕೆಯಿಂದ. ಒಬ್ಬರಿಗೆ ನೋವಾದ ಕ್ಷಣದಲ್ಲೇ ಇನ್ನೊಬ್ಬರ ನೆರವಿಗೆ ಓಡಿ ಬರುವ ಪದ ಎಲ್ಲಿಂದ ಬಂತು? ಅದರ ದಾರಿ ಹಿಡಿದು ಹಿಂದಕ್ಕೆ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ನಮ್ಮದೇ ಪದದಿಂದ ಶುರು ಮಾಡುವುದು ಒಳ್ಳೆಯದು. ನಗು ಎಂಬುದು ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತೆಲುಗಿನಲ್ಲಿ ನಗು, ನವ್ವು ಎರಡೂ ಇವೆ. ತಮಿಳಿನಲ್ಲಿ ಅದು ನಗೈ. ತುಳುವರು ಮಾತ್ರ ತೆಲಿಪುವ ಬೇರೆ ದಾರಿ ಹಿಡಿದಿದ್ದಾರೆ. ತಮಿಳಿನ ನಗೈಗೆ ನಗೆ ಎಂಬ ಅರ್ಥದ ಜೊತೆಗೆ ಹೊಳಪು, ಹಲ್ಲು, ಒಡವೆ ಎಂಬ ಅರ್ಥಗಳೂ ಇವೆ. ನಕ್ಕಾಗ ಮುಖದಲ್ಲಿ ಮೊದಲು ಹೊಳೆಯುವುದು ಹಲ್ಲೇ ಅಲ್ಲವೇ? ನಮ್ಮ ಮುಗುಳ್ನಗೆಯಲ್ಲಿ ಮುಗುಳು ಎಂದರೆ ಮೊಗ್ಗು. ಪೂರ್ತಿ ಅರಳದ ನಗೆ ಅದು. ಹೂವು ನಕ್ಕಿತು, ಬೆಳದಿಂಗಳು ನಕ್ಕಿತು ಎಂದರೆ ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಅಂದರೆ ನಗು ಎಂಬ ಪದದ ಕಣ್ಣು ಇರುವುದು ನಗುವವರ ಮುಖದ ಮೇಲೆ. ಹೊಳಪು, ಹಲ್ಲು, ಅರಳುವಿಕೆ ಎಲ್ಲವೂ ಅಲ್ಲಿಯವೇ. ಯಾರನ್ನು ನೋಡಿ ನಕ್ಕರು ಎಂಬ ಪ್ರಶ್ನೆ ಈ ಪದದೊಳಗೆ ಇಲ್ಲ.

ಆ ಪ್ರಶ್ನೆ ಹಳಬರಿಗೆ ಹೊಳೆದಿರಲಿಲ್ಲ ಎಂದಲ್ಲ. ತಮಿಳಿನ ಪ್ರಾಚೀನ ಲಕ್ಷಣಗ್ರಂಥ ತೊಲ್ಕಾಪ್ಪಿಯಂ ಎಂಟು ಮೆಯ್ಪ್ಪಾಡುಗಳನ್ನು, ಅಂದರೆ ಮೈಯಲ್ಲಿ ತೋರುವ ಭಾವಗಳನ್ನು ಹೇಳುವಾಗ ನಗೈಯನ್ನೇ ಮೊದಲಿಗೆ ಇಡುತ್ತದೆ. ನಗೆ ಹುಟ್ಟುವುದಕ್ಕೆ ಅದು ನಾಲ್ಕು ಕಾರಣ ಕೊಡುತ್ತದೆ: ಹೀಯಾಳಿಕೆ, ಎಳಸುತನ, ಅರಿವುಗೇಡಿತನ, ಮುಗ್ಧತನ. ಹೀಯಾಳಿಕೆಗೆ ಮೊದಲ ಸ್ಥಾನ. ಭರತನ ನಾಟ್ಯಶಾಸ್ತ್ರ ನಗೆಯನ್ನು ಆರಾಗಿ ವಿಂಗಡಿಸುತ್ತದೆ. ಸ್ಮಿತ, ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಅತಿಹಸಿತ ಅಧಮರಿಗೆ. ನಗೆಯ ಸದ್ದು ಏರಿದಷ್ಟೂ ನಗುವವರ ದರ್ಜೆ ಇಳಿಯುತ್ತದೆ. ಹಾಸ್ಯರಸ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ ಮತ್ತು ಕೀಳು ಪ್ರಕೃತಿಯವರಲ್ಲಿ ಎಂದೂ ಭರತ ಹೇಳುತ್ತಾನೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ನಮ್ಮ ಗಾದೆಗೆ ಎಷ್ಟು ದೂರದ ನೆಂಟಸ್ತಿಕೆ ಇದೆ ನೋಡಿ. ಯಾರು ನಗಬಹುದು, ಎಷ್ಟು ನಗಬಹುದು ಎಂಬ ಲೆಕ್ಕ ನಮ್ಮ ಶಾಸ್ತ್ರಕ್ಕೂ ಗಾದೆಗೂ ಚೆನ್ನಾಗಿ ಗೊತ್ತಿತ್ತು.

ಈಗ ಮಸ್ಕಿರಿಗೆ ಬರೋಣ. ಪದದ ಮೂಲ ಹುಡುಕುವವರನ್ನು ದಾರಿ ತಪ್ಪಿಸಲು ಸದ್ದಿನ ಹೋಲಿಕೆಗಳು ಯಾವಾಗಲೂ ಕಾದು ಕೂತಿರುತ್ತವೆ. ಇಲ್ಲಿ ಅಂಥವು ಮೂರಿವೆ. ಒಂದು, ನಮ್ಮ ಕಿರಿ. ಹಲ್ಲು ಕಿರಿಯುವುದು ಎಂಬ ಮಾತಿರುವುದರಿಂದ ಮಸ್ಕಿರಿಯ ಕೊನೆಯಲ್ಲಿಯೂ ಅದೇ ಕಿರಿ ಇದೆ ಎನಿಸುತ್ತದೆ. ಆದರೆ ಆಗ ಉಳಿಯುವ 'ಮಸ್'ಗೆ ಕನ್ನಡದಲ್ಲಿ ಒಪ್ಪುವ ಅರ್ಥ ಹೊಂದುವುದಿಲ್ಲ. ಎರಡು, ಸಂಸ್ಕೃತದ ಮಸ್ಕರಿನ್. ಪಾಣಿನಿ ತನ್ನ ಸೂತ್ರವೊಂದರಲ್ಲಿ ಮಸ್ಕರ ಎಂದರೆ ಬಿದಿರು, ಮಸ್ಕರಿ ಎಂದರೆ ಪರಿವ್ರಾಜಕ ಎಂದು ಹೇಳುತ್ತಾನೆ. ಆಜೀವಿಕ ಪಂಥದ ಗೋಸಾಲನ ಹೆಸರಿಗೆ ಅಂಟಿಕೊಂಡಿರುವುದು ಈ ಮಸ್ಕರಿ. ಕೋಲು ಹಿಡಿದು ಊರೂರು ಅಲೆಯುವ ಸನ್ಯಾಸಿಗೂ ನಮ್ಮ ಕಟ್ಟೆಯ ಮೇಲಿನ ನಗೆಗೂ ಅಕ್ಷರದ ಹೋಲಿಕೆ ಬಿಟ್ಟರೆ ಬೇರೇನಿಲ್ಲ. ಮೂರು, ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ ಆ ಊರಿಗೆ ಮಸ್ಕಿರಿಯನ್ನು ಜೋಡಿಸಿದರೆ ಅದೇ ಒಂದು ಮಸ್ಕಿರಿಯಾದೀತು.

ಪದದ ನಿಜವಾದ ಬೇರು ಇರುವುದು ಅರಬ್ಬಿಯಲ್ಲಿ. ಆ ಭಾಷೆಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಸ, ಖ, ರ ಎಂಬ ಮೂರು ವ್ಯಂಜನ ಸೇರಿದರೆ ಸಖಿರ: ಒಬ್ಬರನ್ನು ನೋಡಿ ನಗು, ಹೀಯಾಳಿಸು. ಧಾತುವಿನ ಮುಂದೆ ಮ ಸೇರಿಸಿ ತಾಣವನ್ನು ಸೂಚಿಸುವ ಪದ ಮಾಡುವುದು ಅರಬ್ಬಿಯ ಒಂದು ಪದ್ಧತಿ. ದರ್ಸ್ ಎಂದರೆ ಪಾಠ, ಮದರಸಾ ಎಂದರೆ ಪಾಠ ನಡೆಯುವ ತಾಣ. ಸಜ್ದಾ ಎಂದರೆ ತಲೆಬಾಗಿ ನಮಿಸುವುದು, ಮಸ್ಜಿದ್ ಎಂದರೆ ನಮಿಸುವ ತಾಣ. ಈ ಜಾಡಿನಲ್ಲಿಯೇ ಬಂದದ್ದು ಮಸ್ಖರ. ಆದರೆ ಇಲ್ಲಿ ತಾಣವೆಂದರೆ ಕಟ್ಟಡವಲ್ಲ, ಮನುಷ್ಯ. ಯಾರ ಮೇಲೆ ನಾಲ್ಕು ಜನರ ನಗೆ ಬಂದು ಬೀಳುತ್ತದೋ ಅವನು ಮಸ್ಖರ.

ಇದಕ್ಕೆ ಕೂಡಲೇ ನೆನಪಾಗುವ ಜೋಡಿ ನಮ್ಮಲ್ಲಿಯೂ ಇದೆ. ಸಂಸ್ಕೃತದಿಂದ ಬಂದ ಹಾಸ್ಯಾಸ್ಪದದಲ್ಲಿ ಆಸ್ಪದ ಎಂದರೆ ಜಾಗ. ಹಾಸ್ಯಾಸ್ಪದ ಎಂದರೆ ನಗೆಯ ಜಾಗ. ಕನ್ನಡದ ನಗೆಗೀಡಿನಲ್ಲಿ ಈಡು ಎಂದರೆ ಗುರಿ. ಒಂದು ಭಾಷೆ ತಾಣವೆಂದಿತು, ಇನ್ನೊಂದು ಗುರಿ ಎಂದಿತು. ಒಟ್ಟಿನಲ್ಲಿ ಎಲ್ಲರಿಗೂ ಕಂಡದ್ದು ಒಂದೇ ಚಿತ್ರ: ನಡುವೆ ನಿಂತ ಒಬ್ಬ, ಸುತ್ತ ನಗುವ ಹಲವರು.

ಅರಬ್ಬಿಯ ಈ ಮೂರು ವ್ಯಂಜನಗಳಿಗೆ ಇನ್ನೊಂದು ಮುಖವೂ ಇದೆ. ಸಖ್ಖರ ಎಂದರೆ ಅಧೀನಕ್ಕೆ ತೆಗೆದುಕೊ, ದುಡಿಸಿಕೊ. ಸುಖ್ರ ಎಂದರೆ ಕೂಲಿ ಕೊಡದೆ ಮಾಡಿಸುವ ಕೆಲಸ, ನಮ್ಮ ಬಿಟ್ಟಿ. ಹೀಯಾಳಿಸುವುದಕ್ಕೂ ಬಿಟ್ಟಿ ದುಡಿಸುವುದಕ್ಕೂ ಅವೇ ಮೂರು ವ್ಯಂಜನಗಳು. ಇದನ್ನು ಓದಿದ ದಿನ ಅರಬ್ಬಿ ಭಾಷೆಯ ಪದ ನಮ್ಮೂರಿನ ಚರಿತ್ರೆಯನ್ನು ಹೇಳುತ್ತಿದೆ ಎನಿಸಿತು. ಒಂದು ಊರಿನಲ್ಲಿ ಯಾರನ್ನು ಬಿಟ್ಟಿಗೆ ಕರೆಯುತ್ತಿದ್ದರೋ ಅವರ ಹೆಸರು, ನಡಿಗೆ, ಉಚ್ಚಾರವೇ ಕಟ್ಟೆಯ ಮೇಲಿನ ನಗೆಗೂ ಒದಗುತ್ತಿತ್ತು. ಎರಡಕ್ಕೂ ಎದುರಾಡುವಂತಿರಲಿಲ್ಲ. ಕುರಾನಿನ 49ನೇ ಅಧ್ಯಾಯದ 11ನೇ ವಾಕ್ಯದಲ್ಲಿ ಒಂದು ಸಮುದಾಯ ಇನ್ನೊಂದನ್ನು ಹೀಯಾಳಿಸಬಾರದು, ಹೀಯಾಳಿಸಲ್ಪಟ್ಟವರೇ ಮೇಲಾಗಿರಬಹುದು ಎಂಬ ಅರ್ಥದ ಎಚ್ಚರಿಕೆ ಇದೆ. ಹೆಂಗಸರಿಗೆ ಅದನ್ನು ಪ್ರತ್ಯೇಕವಾಗಿಯೂ ಹೇಳಿದೆ. ಅಲ್ಲಿ ಬಳಕೆಯಾಗಿರುವ ಕ್ರಿಯಾಪದ ಈ ಧಾತುವಿನದೇ. ಅಂದರೆ ಮಸ್ಖರ ಪದ ಹುಟ್ಟಿದ ಭಾಷೆಯಲ್ಲಿ ಈ ನಗೆ ಹಗುರವಾದ ಸಂಗತಿಯಾಗಿರಲಿಲ್ಲ.

ಅರಬ್ಬಿಯಿಂದ ಈ ಪದ ಎರಡು ದಿಕ್ಕಿಗೆ ಹೊರಟಿತು. ಪಶ್ಚಿಮಕ್ಕೆ ಹೋದದ್ದು ತುರ್ಕಿಯಲ್ಲಿ ಮಸ್ಕರಾ ಆಯಿತು. ಅಲ್ಲಿ ಅದಕ್ಕೆ ಕೋಡಂಗಿ ಎಂಬ ಅರ್ಥ. ಗ್ರೀಕರ ಮಸ್ಕರಾಸ್ ಎಂದರೆ ವೇಷ ಹಾಕಿದವ. ಇಟಲಿಯ ಮಾಸ್ಕೆರಾ, ಸ್ಪೇನಿನ ಮಾಸ್ಕರಾ ಎಂದರೆ ಮುಖವಾಡ. ಇಂಗ್ಲಿಷಿನ ಮಾಸ್ಕ್, ವೇಷದ ಕುಣಿತಕ್ಕಿರುವ ಮಾಸ್ಕರೇಡ್, ಕಣ್ರೆಪ್ಪೆಗೆ ಹಚ್ಚುವ ಮಸ್ಕಾರಾ ಎಲ್ಲವೂ ಈ ಬಳಗದವು. ಆದರೆ ಯುರೋಪಿನ ಮುಖವಾಡಕ್ಕೆ ಅರಬ್ಬಿಯ ವಿದೂಷಕನೇ ಮೂಲಪುರುಷನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 643ರಲ್ಲಿ ಇಟಲಿಯ ಲೊಂಬಾರ್ಡ್ ರಾಜ ರೋಥಾರಿ ಹೊರಡಿಸಿದ ಲ್ಯಾಟಿನ್ ಕಾನೂನಿನಲ್ಲಿಯೇ ಮಾಟಗಾತಿ ಎಂಬ ಅರ್ಥದಲ್ಲಿ ಮಸ್ಕಾ ಎಂಬ ಪದವಿದೆ. ಮುಖವಾಡ ಅಲ್ಲಿಂದ ಬಂತು ಎನ್ನುವವರೂ ಇದ್ದಾರೆ, ಎರಡು ಪದಗಳು ದಾರಿಯಲ್ಲಿ ಕೂಡಿಕೊಂಡವು ಎನ್ನುವವರೂ ಇದ್ದಾರೆ. ಈ ಜಗಳವನ್ನು ಅವರಿಗೇ ಬಿಟ್ಟು ನಾವು ಪೂರ್ವಕ್ಕೆ ಹೊರಟ ಪದದ ಹಿಂದೆ ಹೋಗೋಣ.

ಪೂರ್ವಕ್ಕೆ ಬಂದದ್ದು ಪಾರಸಿಯ ಹೆಗಲೇರಿ. ಪಾರಸಿ, ಉರ್ದು, ಹಿಂದಿಗಳಲ್ಲಿ ಮಸ್ಖರಾ ಎಂದರೆ ಜನರನ್ನು ನಗಿಸುವವ. ಇಲ್ಲಿ ಒಂದು ಸಣ್ಣ ತಿರುವು ಆಗಿದೆ, ಅದನ್ನು ಗಮನಿಸಬೇಕು. ಅರಬ್ಬಿಯಲ್ಲಿ ಅವನು ನಗೆಗೆ ಗುರಿಯಾದವ. ಇಲ್ಲಿ ಅವನು ನಗಿಸುವುದನ್ನೇ ಉದ್ಯೋಗ ಮಾಡಿಕೊಂಡವ. ಹೇಗೂ ನಗುತ್ತಾರೆ, ನಕ್ಕು ಒಂದಿಷ್ಟು ಕೊಡಲಿ ಎಂದು ತಾನೇ ಮುಂದೆ ಬಂದು ನಿಂತವ. ಬಯ್ಗುಳವಾಗಿದ್ದ ಪದ ಕಸುಬಿನ ಹೆಸರಾಯಿತು.

ನಮ್ಮ ಸೀಮೆಗೆ ಪಾರಸಿ ಬಂದ ದಾರಿ ಇತಿಹಾಸ ಓದುವವರಿಗೆಲ್ಲ ಪರಿಚಿತ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಅದು ಒಡೆದಾಗ 1490ರ ಸುಮಾರಿಗೆ ವಿಜಯಪುರದಲ್ಲಿ ಆದಿಲ್‌ಶಾಹಿಗಳು ತಲೆಯೆತ್ತಿದರು. 1565ರ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತ ಮೇಲೆ ಮಲಪ್ರಭೆಯ ಈ ಸೀಮೆಯೂ ಅವರದಾಯಿತು. ಆದರೆ ಪದಗಳು ದಂಡಿನ ಹಿಂದೆಯೇ ಬರುತ್ತವೆ ಎನ್ನುವುದು ಅರ್ಧ ಸತ್ಯ. ಮೊದಲನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಲೆಕ್ಕಪತ್ರಗಳು ಪಾರಸಿಯಿಂದ ಸ್ಥಳೀಯ ಭಾಷೆಗೆ ತಿರುಗಿದವು, ಬರೆಯುವವರೂ ಸ್ಥಳೀಯರೇ ಆದರು. ಬರೆಯುವ ಕೈ ಪಾರಸಿ ಪದವನ್ನು ತನ್ನ ನುಡಿಯ ಒಳಗೆ ತಂದುಕೊಂಡಿತು. ಎದುರು ದಿಕ್ಕಿನ ಹರಿವೂ ಇತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ ಹಾಡುಗಳ ಒಂದು ಪುಸ್ತಕ ರಚಿಸಿ ಅದಕ್ಕೆ ಕಿತಾಬ್-ಎ-ನೌರಸ್ ಎಂದು ಹೆಸರಿಟ್ಟ. ನೌರಸ್ ಎಂದರೆ ನಮ್ಮ ನವರಸವೇ. ಸರಸ್ವತಿ, ಗಣಪತಿಯರನ್ನು ನೆನೆಯುವ ಪುಸ್ತಕ ಅದು. ಸಂಸ್ಕೃತದ ಹಾಸ್ಯರಸ ಉಳಿದ ಎಂಟು ರಸಗಳ ಕೈ ಹಿಡಿದು ಸುಲ್ತಾನನ ಪುಸ್ತಕದ ಹೆಸರಿನೊಳಗೆ ಹೋಯಿತು. ಅರಬ್ಬಿಯ ಮಸ್ಖರಾ ನಮ್ಮ ಕಟ್ಟೆಗೆ ಬಂದ. ನಗೆಗೆ ಸುಂಕದ ಕಟ್ಟೆ ಇರಲಿಲ್ಲ.

ಕೊನೆಯ ಹಂತದಲ್ಲಿ ಪದವನ್ನು ನಮ್ಮ ಕೈಗೆ ಕೊಟ್ಟದ್ದು ಹೆಚ್ಚಾಗಿ ಮರಾಠಿ. ಮಸ್ಖರಿಯ ಖಕಾರದ ಉಸಿರು ಅಲ್ಲಿ ಇಳಿದು ಮಸ್ಕರಿ ಆಯಿತು. ಥಟ್ಟಾ-ಮಸ್ಕರಿ ಎಂಬುದು ಮರಾಠಿಗರ ದಿನಬಳಕೆಯ ಜೋಡುನುಡಿ. ನಗೆಯಾಟ ಜಗಳಕ್ಕೆ ತಿರುಗಿದರೆ ಮಸ್ಕರಿಯ ಕುಸ್ಕರಿಯಾಯಿತು ಎನ್ನುತ್ತಾರೆ. ಕುಸ್ಕರಿ ಎಂದರೆ ಹಿಸುಕಿ ಪುಡಿ ಮಾಡಿದ್ದು. ನಮ್ಮ ನಾಲಗೆ ಮಸ್ಕರಿಯ ನಡುವಿನ ಅಕಾರವನ್ನು ಮುಂದಿನ ಇಕಾರದ ಜೊತೆ ಹೊಂದಿಸಿ ಮಸ್ಕಿರಿ ಮಾಡಿಕೊಂಡಿತು. ಬಾದಾಮಿಗೆ ಮರಾಠಿಯ ಒಡನಾಟ ಒಂದೆರಡು ತಲೆಮಾರಿನದಲ್ಲ. 1786ರಲ್ಲಿ ಮರಾಠ ಮತ್ತು ನಿಜಾಮರ ಸೇನೆಗಳು ಬಾದಾಮಿ ಕೋಟೆಯನ್ನು ಮುತ್ತಿ ಟಿಪ್ಪುವಿನ ದಂಡಿನಿಂದ ಕಸಿದುಕೊಂಡವು. 1818ರಲ್ಲಿ ಮನ್ರೋ ಅದನ್ನು ಕಂಪನಿ ಸರಕಾರಕ್ಕೆ ಗೆದ್ದ. ಆಮೇಲೂ ಮುಂಬಯಿ ಪ್ರಾಂತ್ಯದ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಗಿ ಬಂದದ್ದು ಈ ಹಿನ್ನೆಲೆಯಲ್ಲಿ.

ರಂಗಭೂಮಿಯ ಒಡನಾಟ ಇನ್ನೂ ಸ್ವಾರಸ್ಯದ್ದು. ಉತ್ತರ ಕನ್ನಡದ ಕರ್ಕಿ ಮೇಳದ ಯಕ್ಷಗಾನವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದರು. ಹಾಗೆ ಹುಟ್ಟಿದ ಮರಾಠಿ ನಾಟಕ ಮಂಡಳಿಗಳು ತಿರುಗಿ ಕನ್ನಡ ನಾಡಿಗೇ ಬಂದು ಜನರನ್ನು ಮರುಳು ಮಾಡಿದವು. ಅದನ್ನು ನೋಡಿ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಹೀಗೆ ಹೋಗಿಬರುವ ಬಂಡಿಗಳಲ್ಲಿ ಪರದೆ, ಪೆಟ್ಟಿಗೆ, ರಾಗಗಳ ಜೊತೆಗೆ ನಗೆಯ ಪದಗಳೂ ಬಂದಿರದೆ ಇರಲಾರವು.

ಇಲ್ಲಿಯವರೆಗೆ ಪದದ ದಾರಿಯಾಯಿತು. ನನ್ನನ್ನು ಬಹಳ ದಿನ ಕಾಡಿದ್ದು ದಾರಿಯಲ್ಲಿ ಅದು ಕಳೆದುಕೊಂಡದ್ದು. ಪಾರಸಿಯಲ್ಲಿ ಪದದ ಕೊನೆಗೆ ಈ ಹಚ್ಚಿ ಭಾವವನ್ನೋ ಕೆಲಸವನ್ನೋ ಸೂಚಿಸುತ್ತಾರೆ. ನೌಕರ ಮಾಡುವುದು ನೌಕರಿ, ಚಾಕರ ಮಾಡುವುದು ಚಾಕರಿ, ದೋಸ್ತರ ನಡುವೆ ಇರುವುದು ದೋಸ್ತಿ. ಕನ್ನಡ ಈ ಜೋಡಿಗಳನ್ನು ಜೋಡಿಯಾಗಿಯೇ ತೆಗೆದುಕೊಂಡಿದೆ; ಮನುಷ್ಯನೂ ಬಂದ, ಅವನ ಕೆಲಸವೂ ಬಂತು. ಹಿಂದಿಯಲ್ಲಿ ಮಸ್ಖರಾ ಮತ್ತು ಮಸ್ಖರಿ ಎರಡೂ ಇವೆ. ಮರಾಠಿಯಲ್ಲಿ ಮಸ್ಕರಿ ಮಾಡುವವ ಮಸ್ಕರ್‍ಯಾ. ನಮ್ಮ ಆಡುಮಾತಿನಲ್ಲಿ ಮಾತ್ರ ಮಸ್ಕಿರಿ ಒಂಟಿ. ಮಸ್ಕರ ಎಂಬ ಮನುಷ್ಯ ಹೊಸ್ತಿಲ ಆಚೆಗೇ ಉಳಿದ. ಬೇಕಾದರೆ ನಾವು "ಮಸ್ಕಿರಿ ಮಾಡಾಂವ" ಎಂದು ಸುತ್ತಿ ಹೇಳುತ್ತೇವೆ. ಅದೂ ನಗುವವನನ್ನು ಕುರಿತು, ನಗೆಗೆ ಗುರಿಯಾದವನನ್ನು ಕುರಿತಲ್ಲ.

ಏಕೆ ಹೀಗಾಯಿತು? ನನ್ನ ಊಹೆ ಇದು. ಆ ಮನುಷ್ಯನಿಗೆ ನಮ್ಮಲ್ಲಿ ಮೊದಲೇ ಹೆಸರುಗಳಿದ್ದವು. ಸಂಸ್ಕೃತ ನಾಟಕದ ವಿದೂಷಕ ನಮಗೆ ಹೊಸಬನಲ್ಲ. ನಮ್ಮದೇ ಜಿಲ್ಲೆಯ ಮುಧೋಳದ ರನ್ನ, ಹತ್ತನೆಯ ಶತಮಾನದ ಕೊನೆಯಲ್ಲಿ, ತನ್ನ ಗದಾಯುದ್ಧದಂಥ ವೀರಕಾವ್ಯದಲ್ಲಿಯೂ ವಿದೂಷಕನಿಗೆ ಜಾಗ ಕೊಟ್ಟಿದ್ದಾನೆ. ಜನಪದದ ಆಟಗಳಲ್ಲಿ ಕೋಡಂಗಿ ಇದ್ದ. ಮಂಗ ಎಂಬ ಅರ್ಥದ ಕೋಡಗದ ಬಳಗದ ಪದ ಅದು. ಬಹುರೂಪಿಗಳಿದ್ದರು, ಹಗಲುವೇಷದವರಿದ್ದರು. ಪದಗಳಿಗೂ ಮೊದಲು ಕಲ್ಲಿನಲ್ಲಿಯೇ ಇಂಥವರಿದ್ದರು. ನಮ್ಮೂರಿಂದ ಐದು ಕಿಲೋಮೀಟರಿನ ಬಾದಾಮಿಯಲ್ಲಿ ಗುಹೆಗಳ ಅಡಿಪಟ್ಟಿಯ ಉದ್ದಕ್ಕೂ ಕುಳ್ಳ ಗಣಗಳ ಸಾಲಿದೆ. ಡೊಳ್ಳುಹೊಟ್ಟೆ ಹೊತ್ತು ಕುಣಿಯುವವರು, ಮೂತಿ ತಿರುವುವವರು. ಅಲ್ಲಿನ ಮೂರನೇ ಗುಹೆಯ ಕಾಲ 578 ಎಂದು ಶಾಸನವೇ ಹೇಳುತ್ತದೆ. ಮೇಲೆ ವಿಷ್ಣುವಿನ ಭವ್ಯಮೂರ್ತಿಗಳು, ಕಾಲ ಬುಡದಲ್ಲಿ ಈ ನಗೆಯ ಸಾಲು. ಇಷ್ಟೆಲ್ಲ ಇದ್ದ ನಾಡಿಗೆ ನಗಿಸುವವನ ಹೆಸರನ್ನು ಹೊರಗಿನಿಂದ ತರುವ ಜರೂರಿ ಇರಲಿಲ್ಲ.

ಹಾಗೆ ನೋಡಿದರೆ ಕೆಲಸಕ್ಕೂ ಪದಗಳಿದ್ದವು. ಹಳಗನ್ನಡದವರು ಏಡಿಸುತ್ತಿದ್ದರು, ಎಕ್ಕಸಕ್ಕವಾಡುತ್ತಿದ್ದರು. ನಾವು ಇಂದಿಗೂ ಅಣಕಿಸುತ್ತೇವೆ. ಆದರೆ ಅಣಕಿಸು ಎಂದರೆ ಸಾಕು, ಯಾರನ್ನು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಆ ಕ್ರಿಯಾಪದಕ್ಕೆ ಕರ್ಮ ಬೇಕು. ಮಸ್ಕಿರಿ ಮಾಡು ಎನ್ನುವುದಕ್ಕೆ ಕರ್ಮ ಬೇಕೆಂದೇನಿಲ್ಲ. ಯಾರ ಹೆಸರನ್ನೂ ಎತ್ತದೆ ಮಸ್ಕಿರಿ ಮಾಡಬಹುದು. ಹೊಸ ಪದ ನಮಗೆ ಒದಗಿಸಿದ ಅನುಕೂಲ ಇದೇ ಇರಬೇಕು. ಹುಟ್ಟಿದಾಗ ನಗೆಗೆ ಗುರಿಯಾದವನ ಹೆಸರೇ ಆಗಿದ್ದ ಪದ ನಮ್ಮಲ್ಲಿಗೆ ಬರುವ ಹೊತ್ತಿಗೆ ಅವನನ್ನು ಮರೆಮಾಡುವ ಪದವಾಯಿತು.

ಆ ಮನುಷ್ಯನನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮೂರಿಗೆ ಬನದ ಹುಣ್ಣಿಮೆಗೆ ಬರಬೇಕು. ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ತೇರು ಎಳೆದ ಮೇಲೂ ತಿಂಗಳವರೆಗೆ ಜಾತ್ರೆ ಮುಗಿಯುವುದಿಲ್ಲ. ಒಂದು ಕಡೆ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಅಂಗಡಿ, ಇನ್ನೊಂದು ಕಡೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಮೊಸರು ಇಟ್ಟುಕೊಂಡ ತಾಯಂದಿರು, ನಡುವೆ ನಾಟಕ ಕಂಪನಿಗಳ ಥೇಟರುಗಳು. ಬೇರೆ ಬೇರೆ ಕಂಪನಿಗಳು ಒಂದೇ ಜಾತ್ರೆಯಲ್ಲಿ ಕ್ಯಾಂಪ್ ಹಾಕಿ ರಾತ್ರಿಯಿಡೀ ಆಟ ಕಟ್ಟುತ್ತವೆ. ತಮಾಷೆ ಎಂಬ ಪದವೂ ಅರಬ್ಬಿ ಮೂಲದ್ದೇ. ಜೊತೆಗೂಡಿ ನಡೆಯುವುದು ಎಂಬಲ್ಲಿಂದ ಹೊರಟು, ಪಾರಸಿಯಲ್ಲಿ ಅಡ್ಡಾಡಿ ನೋಡುವ ನೋಟ ಎಂದಾಗಿ, ನಮ್ಮಲ್ಲಿ ನಗೆಮಾತು ಎಂಬ ಅರ್ಥಕ್ಕೆ ಬಂತು. ಜಾತ್ರೆಯಲ್ಲಿ ಅದು ತನ್ನ ಹಳೆಯ ಅರ್ಥದಲ್ಲಿಯೇ ಜೀವಂತವಾಗಿದೆ. ಜನ ಅಡ್ಡಾಡುತ್ತಾರೆ, ನೋಡುತ್ತಾರೆ, ಆಮೇಲೆ ಥೇಟರಿನೊಳಗೆ ಹೋಗಿ ಕೂರುತ್ತಾರೆ.

ಈ ಕಂಪನಿಗಳಲ್ಲಿ ಈಗ ಆಟದ ಭಾರ ಹೊರುವವನು ಹಾಸ್ಯದವನು. ನನ್ನ ಕ್ಷೇತ್ರಕಾರ್ಯದ ಭಾಗವಾಗಿ ಕಂಪನಿಗಳಲ್ಲಿ ದುಡಿದು ನಿವೃತ್ತರಾದ ಹಿರಿಯ ಹಾಸ್ಯನಟರೊಬ್ಬರ ಜೊತೆ ಒಂದು ಮಧ್ಯಾಹ್ನ ಕೂತು ಪದಗಳ ಪಟ್ಟಿ ಮಾಡುತ್ತಿದ್ದೆ. ಮಸ್ಕಿರಿಯ ಸರದಿ ಬಂತು. "ಅಜ್ಜಾರ, ಮಸ್ಕಿರಿಗೂ ಹಾಸ್ಯಕ್ಕೂ ಏನು ಫರಕ್ರಿ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡವಾ ತಂಗಿ, ನಾ ಸ್ಟೇಜಿಗಿ ಬಂದ ಕೂಡ್ಲೇ ಮಂದಿ ನಗಾಕ ಚಾಲೂ ಮಾಡ್ತಿದ್ರು. ನಾ ಇನ್ನಾ ಬಾಯಿನs ತಗದಿರ್ತಿದ್ದಿಲ್ಲ. ಅದು ಹಾಸ್ಯ. ಅದಕ್ಕ ಪಗಾರ ಬರ್ತಿತ್ತು. ಮರುದಿನ ಸಂತಿಗಿ ಕಾಯಿಪಲ್ಲೆ ತರಾಕ ಹ್ವಾದ್ರೂ ಮಂದಿ ಹಂಗs ನಗೋರು. ಅದು ಮಸ್ಕಿರಿ. ಅದಕ್ಕ ಪಗಾರ ಯಾರ್ ಕೊಡ್ತಾರವಾ?"

ಅವರಿಗೆ ಅರಬ್ಬಿ ಗೊತ್ತಿಲ್ಲ. ಸುಖ್ರ ಎಂಬ ಪದವನ್ನು ಅವರು ಕೇಳಿರುವ ಸಂಭವವೂ ಇಲ್ಲ. ಆದರೂ ಕೂಲಿಯಿಲ್ಲದ ನಗೆಗೆ ಮಸ್ಕಿರಿ ಎಂದು ಹೆಸರಿಟ್ಟು, ಬಿಟ್ಟಿಗೂ ಹೀಯಾಳಿಕೆಗೂ ಇರುವ ನಂಟನ್ನು ನಿಘಂಟಿಗಿಂತ ಚೆನ್ನಾಗಿ ಹೇಳಿದರು. ವೇದಿಕೆಯ ಮೇಲೆ ನಗೆಯ ತಾಣವಾಗಿ ನಿಲ್ಲುವುದನ್ನು ಅವರು ಒಪ್ಪಿಕೊಂಡಿದ್ದರು, ಅದಕ್ಕೊಂದು ಹೊತ್ತು ಇತ್ತು, ಬಣ್ಣ ಇತ್ತು, ಪಗಾರ ಇತ್ತು. ಬಣ್ಣ ಒರೆಸಿದ ಮೇಲೂ ಅದೇ ತಾಣದಲ್ಲಿ ನಿಲ್ಲಿಸಿದಾಗ ಅದು ಬೇರೆಯಾಯಿತು. ಮುಖವಾಡಕ್ಕೂ ಮಸ್ಖರಾನಿಗೂ ನಂಟಿದೆಯೇ ಎಂದು ಯುರೋಪಿನ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಸಂತೆಯಲ್ಲಿ ಚೀಲ ಹಿಡಿದು ನಿಂತ ಈ ಹಿರಿಯರಿಗೆ ಆ ನಂಟು ಅನುಭವಕ್ಕೆ ಬಂದಿತ್ತು.

ಇದನ್ನು ನಾನು ಒಬ್ಬ ನಟರ ಕಷ್ಟವೆಂದಷ್ಟೇ ಬರೆಯುತ್ತಿಲ್ಲ. ಈ ಪದ ಬದುಕಿರುವ ನಮ್ಮ ಆಡುಮಾತೇ ಇವತ್ತು ಅವರ ಜಾಗದಲ್ಲಿ ನಿಂತಿದೆ. ಸಿನೆಮಾದಲ್ಲಿ, ಧಾರಾವಾಹಿಯಲ್ಲಿ ಬಾಗಲಕೋಟೆ, ವಿಜಯಪುರದ ಮಾತು ಬಂದರೆ ಅದು ಬರುವುದು ಬಹುಪಾಲು ಹಾಸ್ಯಪಾತ್ರದ ಬಾಯಲ್ಲಿ. ನಾಯಕ ಪ್ರೀತಿಸುವಾಗ, ನಾಯಕಿ ಅಳುವಾಗ ಆಡುವ ಮಾತು ಬೇರೆ ಇರುತ್ತದೆ. ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ ಮೇಲೆ ಊಟದ ಸಾಲಿನಲ್ಲಿ ಒಬ್ಬರು, "ನಿಮ್ಮ ಕಡೆ ಭಾಷೇಲಿ ಏನಾದ್ರೂ ಮಾತಾಡಿ, ಕೇಳೋಕೆ ಮಜಾ ಇರುತ್ತೆ" ಎಂದರು. ಪ್ರಬಂಧದಲ್ಲಿ ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಎರಡನೇ ವಾಕ್ಯ ಮುಗಿಯುವುದರೊಳಗೆ ಸುತ್ತಲಿದ್ದವರು ನಕ್ಕರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಹೇಳಿದ ವಿಷಯ ಬಿಟ್ಟಿ ದುಡಿಮೆಯದಾಗಿತ್ತು, ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ "ತಮಾಷೆಗೆ ಕೇಳಿದ್ದು, ಬೇಜಾರಾಗ್ಬೇಡಿ" ಎಂಬ ಮಾತೂ ಬಂತು. ಅದೇ ಮೂರನೇ ಬಳಕೆ, ದಕ್ಷಿಣದ ಉಚ್ಚಾರದಲ್ಲಿ.

ಸುಮಾರು 850ರ ಕವಿರಾಜಮಾರ್ಗ ಕನ್ನಡದ ತಿರುಳು ಯಾವುದೆಂದು ಹೇಳುವಾಗ ನಾಲ್ಕು ಊರುಗಳನ್ನು ಗಡಿಯಾಗಿ ಇಟ್ಟಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಎಂದರೆ ನಮ್ಮ ಪಕ್ಕದ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಚೊಳಚಗುಡ್ಡ ಆ ಚೌಕಟ್ಟಿನ ಅಂಚಿನಲ್ಲೇ ಇದೆ. ಸಾವಿರ ವರ್ಷಗಳ ಹಿಂದೆ ತಿರುಳು ಎನಿಸಿಕೊಂಡ ಸೀಮೆಯ ಮಾತು ಈಗ ನಗೆಯ ತಾಣವಾಗಿದೆ. ಆಗ ಇದ್ದ ಪಟ್ಟಕ್ಕೆ ಮಾತಿನ ಗುಣ ಎಷ್ಟು ಕಾರಣವೋ ರಾಜಧಾನಿಗಳು ಇಲ್ಲಿದ್ದದ್ದೂ ಅಷ್ಟೇ ಕಾರಣ. ಈಗಿನ ನಗೆಗೆ ಅವು ಬೇರೆಡೆ ಇರುವುದೂ ಕಾರಣ. ಯಾವ ಮಾತೂ ಹುಟ್ಟಿನಿಂದ ನಗೆಗೀಡಲ್ಲ. ಯಾರು ನಡುವೆ, ಯಾರು ಸುತ್ತ ಎಂಬುದನ್ನು ಅಧಿಕಾರ ಹಂಚುತ್ತದೆ.

ಇಷ್ಟನ್ನು ಓದಿ ಮಸ್ಕಿರಿಯನ್ನೇ ಬಿಟ್ಟುಬಿಡಬೇಕೇ ಎಂದು ಯಾರಾದರೂ ಕೇಳಬಹುದು. ಪರಕೀಯ ಪದವೆಂದು ಬಿಡುವುದಾದರೆ ನೌಕರಿ, ಕಚೇರಿ, ಖುಷಿ, ಮಜಾ, ತಮಾಷೆ ಎಲ್ಲವನ್ನೂ ಬಿಡಬೇಕಾಗುತ್ತದೆ. ಖುಷಿಯಿಲ್ಲದ ಕನ್ನಡ ಯಾರಿಗೆ ಬೇಕು? ನಾಲ್ಕು ಶತಮಾನಗಳಿಗೂ ಹೆಚ್ಚಿನ ಒಡನಾಟದ ಸೀಮೆಯಲ್ಲಿ ಬೆಳೆದ ಪದ ಇದು. ಗೆಳತಿಯರು ಪರಸ್ಪರ ಕಾಲೆಳೆಯುವಾಗ, ಅತ್ತಿಗೆ ನಾದಿನಿಯರು ಕೀಟಲೆ ಮಾಡಿಕೊಳ್ಳುವಾಗ, ಅಜ್ಜ ಮೊಮ್ಮಗನನ್ನು ಸತಾಯಿಸುವಾಗ ಇದಕ್ಕಿಂತ ಬೆಚ್ಚನೆಯ ಮಾತು ನನಗೆ ಗೊತ್ತಿಲ್ಲ. ಅಲ್ಲಿ ನಗೆಯ ತಾಣ ಸರದಿಯಂತೆ ಬದಲಾಗುತ್ತದೆ. ಇವತ್ತು ನಾನು ನಿನ್ನನ್ನು ನಕ್ಕರೆ ನಾಳೆ ನೀನು ನನ್ನನ್ನು ನಗಬಹುದು. ಸರದಿ ತಿರುಗದೆ ಒಬ್ಬರೇ ಅಲ್ಲಿ ನಿಂತುಬಿಟ್ಟಾಗ ಪದ ತನ್ನ ಅರಬ್ಬಿ ಬೇರಿಗೆ ಮರಳುತ್ತದೆ.

ಹಾಗಾಗಿ ನಾನು ತಯಾರಿಸುತ್ತಿರುವ ಪದಪಟ್ಟಿಯಲ್ಲಿ ಮಸ್ಕಿರಿಯ ಎದುರು ನಗೆಯಾಟ, ಚೇಷ್ಟೆ, ಗೇಲಿ ಎಂಬ ಅರ್ಥಗಳನ್ನು ಬರೆದು ಅಷ್ಟಕ್ಕೇ ನಿಲ್ಲಿಸಿಲ್ಲ. ಮೂಲದಲ್ಲಿ 'ನಗೆಗೆ ಗುರಿಯಾದ ವ್ಯಕ್ತಿ' ಎಂದೂ ಸೇರಿಸಿದ್ದೇನೆ. ಕನ್ನಡಕ್ಕೆ ಬರುವಾಗ ಹೊಸ್ತಿಲ ಆಚೆ ಉಳಿದವನಿಗೆ ಪಟ್ಟಿಯಲ್ಲಾದರೂ ಒಂದು ಸಾಲು ಸಿಗಲಿ. ಮುಂದಿನ ಸಲ ಯಾರಾದರೂ "ಮಸ್ಕಿರಿಗಿ ಅಂದ್ನಿ" ಎಂದಾಗ ನೀವು ಅಂದವರ ಮುಖ ಬಿಟ್ಟು ಅನ್ನಿಸಿಕೊಂಡವರ ಮುಖ ನೋಡಿ. ಅವರೂ ನಗುತ್ತಿದ್ದರೆ ಅದು ಮಸ್ಕಿರಿ. ನಗದೆ ಇದ್ದರೆ ನಮ್ಮ ಕಡೆ ಅದಕ್ಕೂ ಒಂದು ಮಾತಿದೆ: "ಸಾಕ್ ಬಿಡ, ಮಸ್ಕಿರಿಗೂ ಒಂದ್ ಮಿತಿ ಐತಿ."